ಲಾಲ್‌ಬಾಗಿನ ಗಿಡದ ಗೊಂಬೆ, ನಮ್ಮೂರ ಜೀವಂತ ಬೇಲಿ



ಈ ದಿವಸ ನಿಮ್ಮ ಮುಂದೆ ಸ್ವಲ್ಪ ಹೊಸ ತರಹದ ವಿಷಯ ಇಡಬೇಕೆಂದಿದ್ದೇನೆ. ಕಲ್ಲಿನಲ್ಲಿ ಕಡೆದ ಬಸವಣ್ಣನನ್ನು ನೀವೆಲ್ಲ ಗುಡಿಗಳಲ್ಲಿ ಕಂಡಿದ್ದೀರಿ. ಮಣ್ಣಿನ ಎತ್ತುಗಳನ್ನು ಮಣ್ಣೆತ್ತಿನ ಅಮಾವಾಸ್ಯೆಯ ದಿನ ನೀವೇ ಮಾಡಿ ಪೂಜಿಸುತ್ತೀರಿ. ಆದರೆ ನೆಲದಲ್ಲಿ ಬೇರು ಬಿಟ್ಟ ಎತ್ತು, ನೀರು ಕುಡಿದು ಚಿಗುರೊಡೆಯುವ ಆನೆ, ಮಳೆ ಬಂದರೆ ಮೈ ತುಂಬುವ ನವಿಲು, ಇಂಥವನ್ನು ಕಂಡಿದ್ದೀರಾ? ದೊಡ್ಡ ಉದ್ಯಾನಗಳಲ್ಲಿ ಇವು ಇರುತ್ತವೆ. ಜೀವ ಇರುವ ಗಿಡವನ್ನೇ ಕತ್ತರಿಸಿ, ಬಗ್ಗಿಸಿ, ಕಟ್ಟಿ ಬೇಕಾದ ಆಕಾರಕ್ಕೆ ತರುತ್ತಾರೆ. ನಾನು ಇವನ್ನು ಗಿಡದ ಗೊಂಬೆ ಎಂದು ಕರೆಯುತ್ತೇನೆ.

ಕೆಂಚನಗುಡ್ಡದ ಕಡೆಯ ಒಬ್ಬ ಯಜಮಾನರಿಗೆ ಈ ಮಾತು ಹೇಳಿದಾಗ ಅವರು ನಕ್ಕರು. "ಸಾಹೇಬ್ರ, ನಮಗ ನೆಲ್ಲು ಬೆಳೆಯೋದೇ ಸಾಕಾಗೈತಿ, ಗಿಡದಾಗ ಆನಿ ಮಾಡಿ ಏನ್ ಮಾಡೋಣ್ರಿ?" ಎಂದರು. ಕೇಳಬೇಕಾದ ಪ್ರಶ್ನೆಯೇ ಸರಿ. ಅದಕ್ಕೆ ಉತ್ತರವಾಗಿಯೇ ಈ ಮಾತುಗಳು. ಗಿಡವನ್ನು ಆನೆ ಮಾಡುವ ವಿದ್ಯೆಯೂ, ಗಿಡವನ್ನು ಬೇಲಿ ಮಾಡುವ ವಿದ್ಯೆಯೂ ಒಂದೇ. ಆನೆ ಬೇಡವಾದವರಿಗೆ ಬೇಲಿ ಬೇಕೇ ಬೇಕು. ನಮ್ಮ ಸಿರುಗುಪ್ಪ ಸೀಮೆಯಲ್ಲಿ ಬೇಲಿಯ ತೊಂದರೆ ಎಷ್ಟಿದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮೊದಲು ಲಾಲ್‌ಬಾಗಿನ ಕಥೆ ಕೇಳಿ. ಬೆಂಗಳೂರಿನ ಲಾಲ್‌ಬಾಗನ್ನು ೧೭೬೦ರಲ್ಲಿ ಹೈದರ್ ಅಲಿ ಆರಂಭಿಸಿದ. ಅವನ ಮಗ ಟಿಪ್ಪು ಸುಲ್ತಾನ ದೂರದ ಊರು, ದೇಶಗಳಿಂದ ಸಸಿ, ಬೀಜ ತರಿಸಿ ಅದನ್ನು ಬೆಳೆಸಿದ. ಮುಂದೆ ಅದು ಸರ್ಕಾರದ ಸಸ್ಯತೋಟವಾಯಿತು. ೧೮೭೪ರಿಂದ ೧೯೦೮ರವರೆಗೆ ಜಾನ್ ಕ್ಯಾಮರಾನ್ ಎಂಬುವರು ಅದನ್ನು ನೋಡಿಕೊಂಡರು. ನೀವು ಸಂತೆಯಲ್ಲಿ ಕೊಳ್ಳುವ ಸೀಮೆ ಬದನೆಕಾಯಿಯನ್ನು ಈ ನಾಡಿಗೆ ತಂದು ಬೆಳೆಸಿದ ಹೆಸರು ಅವರದು. ಅವರ ಕಾಲದಲ್ಲಿಯೇ, ೧೮೮೯ರಲ್ಲಿ, ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಅವರ ತರುವಾಯ ಜರ್ಮನಿಯ ಕ್ರುಂಬಿಗಲ್ ಬಂದರು. ಕೃಷ್ಣರಾಜಸಾಗರದ ಬೃಂದಾವನ ತೋಟದ ಕೆಲಸದಲ್ಲಿಯೂ ಅವರ ಕೈ ಇದೆ. ೧೯೩೨ರಲ್ಲಿ ಜವರಾಯರು, ೧೯೫೧ರಲ್ಲಿ ಎಂ. ಎಚ್. ಮರೀಗೌಡರು ಲಾಲ್‌ಬಾಗಿನ ಹೊಣೆ ಹೊತ್ತರು. ಮರೀಗೌಡರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಹಳ್ಳಿಯವರು. ಹಳ್ಳಿಯಿಂದ ಹೊರಟು ಅಮೆರಿಕದ ಹಾರ್ವರ್ಡಿನವರೆಗೆ ಹೋಗಿ ಓದಿ ಬಂದು, ರಾಜ್ಯದ ತೋಟಗಾರಿಕೆ ಇಲಾಖೆಯನ್ನೇ ಕಟ್ಟಿದರು. ಇಂದು ಲಾಲ್‌ಬಾಗಿನ ವಿಸ್ತಾರ ೨೪೦ ಎಕರೆ.

ಆ ೨೪೦ ಎಕರೆಯಲ್ಲಿ ಗಿಡಗಳನ್ನು ಕತ್ತರಿಸಿ ಆಕಾರಕ್ಕೆ ತಂದ ಒಂದು ಭಾಗವೂ ಇದೆ. ಆಗಸ್ಟ್ ೧೫ಕ್ಕೂ ಜನವರಿ ೨೬ಕ್ಕೂ ಅಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ, ಜನ ಜಾತ್ರೆಯಂತೆ ಸೇರುತ್ತಾರೆ. ಪ್ರದರ್ಶನದಲ್ಲಿ ಹೂವಿನಲ್ಲೇ ಗುಡಿ, ಗೋಪುರ ಕಟ್ಟಿರುತ್ತಾರೆ. ಅವು ಕೊಯ್ದ ಹೂವು. ಹತ್ತು ಹನ್ನೆರಡು ದಿನಕ್ಕೆ ಬಾಡುತ್ತವೆ, ತೆಗೆದು ಗೊಬ್ಬರದ ಗುಂಡಿಗೆ ಹಾಕುತ್ತಾರೆ. ಗಿಡದ ಗೊಂಬೆ ಹಾಗಲ್ಲ. ಅದಕ್ಕೆ ಬೇರಿದೆ. ಒಳ್ಳೆಯ ಕೈಗೆ ಸಿಕ್ಕರೆ ಅದು ನೆಟ್ಟವನಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಎಷ್ಟು ಕಾಲ ಅಂತೀರಿ? ಇಂಗ್ಲೆಂಡಿನಲ್ಲಿ ಲೆವೆನ್ಸ್ ಹಾಲ್ ಎಂಬ ಹಳೆಯ ಬಂಗಲೆ ಇದೆ. ಅದರ ತೋಟವನ್ನು ಹಾಕಿದ್ದು ೧೬೯೪ರ ಸುಮಾರಿಗೆ, ಗಿಯೋಮ್ ಬೋಮಾಂಟ್ ಎಂಬ ತೋಟಗಾರ. ಅಂದು ನೆಟ್ಟ ಗಿಡಗಳಲ್ಲಿ ಕೆಲವನ್ನು ಇಂದಿಗೂ ವರ್ಷ ವರ್ಷ ಕತ್ತರಿಸುತ್ತಾರೆ. ಮುನ್ನೂರು ವರ್ಷಕ್ಕೂ ಮಿಗಿಲಾಗಿ ಒಬ್ಬ ತೋಟಗಾರ ಇಟ್ಟ ಕತ್ತರಿಯನ್ನು ಮತ್ತೊಬ್ಬ ಎತ್ತಿಕೊಂಡಿದ್ದಾನೆ. ಇದಕ್ಕೂ ಹಿಂದೆ, ಸುಮಾರು ೧೯೦೦ ವರ್ಷದ ಕೆಳಗೆ, ರೋಮ್ ದೇಶದ ಕಿರಿಯ ಪ್ಲಿನಿ ಎಂಬ ಶ್ರೀಮಂತ ತನ್ನ ಹಳ್ಳಿಮನೆಯ ತೋಟದ ಬಗ್ಗೆ ಕಾಗದ ಬರೆದಿದ್ದಾನೆ. ಅಲ್ಲಿ ಪೊದೆಗಳನ್ನು ಪ್ರಾಣಿಗಳ ಆಕಾರಕ್ಕೂ ಅಕ್ಷರಗಳ ಆಕಾರಕ್ಕೂ ಕತ್ತರಿಸಿದ್ದರಂತೆ. ಆ ಅಕ್ಷರಗಳಲ್ಲಿ ಯಜಮಾನನ ಹೆಸರೂ ಇತ್ತು, ಕತ್ತರಿಸಿದ ಕೆಲಸಗಾರನ ಹೆಸರೂ ಇತ್ತು. ಕೂಲಿ ಮಾಡಿದವನ ಹೆಸರು ಯಜಮಾನನ ಹೆಸರಿನ ಜೊತೆಗೆ ತೋಟದಲ್ಲಿ ಹಸಿರಾಗಿ ನಿಂತಿತ್ತು ಎಂಬುದನ್ನು ನೀವು ಗಮನಿಸಬೇಕು.

ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದ ತುಲ್ಕಾನ್ ಎಂಬ ಊರಿನಲ್ಲಿ ಸ್ಮಶಾನವೇ ಇಂಥ ತೋಟವಾಗಿದೆ. ೧೯೩೬ರಲ್ಲಿ ಅಸಾಯೆಲ್ ಫ್ರಾಂಕೊ ಎಂಬುವರು ಅಲ್ಲಿನ ಸೈಪ್ರೆಸ್ ಗಿಡಗಳನ್ನು ಕತ್ತರಿಸಲು ತೊಡಗಿದರು. ಕಮಾನು, ಕಂಬ, ಮನುಷ್ಯರ ಮುಖ, ಪ್ರಾಣಿ ಎಲ್ಲವೂ ಗಿಡದಲ್ಲೇ ಮೂಡಿದವು. ಅವರು ತೀರಿಕೊಂಡ ಮೇಲೆ ಅದೇ ಗಿಡಗಳ ನಡುವೆ ಅವರನ್ನು ಮಣ್ಣು ಮಾಡಿದರು. ಅಂಜಿಕೆಯ ಜಾಗವಾಗಿದ್ದ ಸ್ಮಶಾನಕ್ಕೆ ಈಗ ಜನ ನೋಡಲೆಂದೇ ಹೋಗುತ್ತಾರೆ.

ಇನ್ನೊಂದು ಕಥೆ ಹೇಳಿ ಕೆಲಸದ ಮಾತಿಗೆ ಬರುತ್ತೇನೆ. ಇಂಗ್ಲೆಂಡಿನ ಕಾರ್ನವಾಲ್ ಸೀಮೆಯಲ್ಲಿ ಹೆಲಿಗನ್ ಎಂಬ ತೋಟವಿದೆ. ೧೯೧೪ರ ಆಗಸ್ಟ್ ತಿಂಗಳಲ್ಲಿ ಅಲ್ಲಿನ ತೋಟಗಾರರು ಒಂದು ಗೋಡೆಯ ಮೇಲೆ ತಮ್ಮ ಹೆಸರು ಗೀಚಿದರು. ಅದೇ ತಿಂಗಳು ಇಂಗ್ಲೆಂಡು ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ದಂಡಿಗೆ ಹೋದವರಲ್ಲಿ ಬಹಳ ಜನ ತಿರುಗಿ ಬರಲಿಲ್ಲ. ಕೈ ಇಲ್ಲದ ತೋಟ ಮುಳ್ಳು ಬೆಳೆದು, ಬಳ್ಳಿ ಹಬ್ಬಿ, ಎಷ್ಟೋ ಕಾಲ ಕಣ್ಣಿಗೇ ಬೀಳದ ಹಾಗೆ ಮುಚ್ಚಿಹೋಯಿತು. ೧೯೯೦ರ ಹೊತ್ತಿಗೆ ಅದನ್ನು ಮತ್ತೆ ಕಂಡುಹಿಡಿದು, ಕಡಿದು, ಸೋಸಿ, ಊರ್ಜಿತಕ್ಕೆ ತಂದರು. ೧೯೯೭ರಲ್ಲಿ ಸ್ಯೂ ಹಿಲ್, ಪೀಟ್ ಹಿಲ್ ಎಂಬ ಒಡಹುಟ್ಟಿದವರು ಅಲ್ಲಿಯ ಕಾಡಿನಲ್ಲಿ ಮಲಗಿದ ಹೆಣ್ಣಿನ ದೊಡ್ಡ ಮೂರ್ತಿ ಮಾಡಿದರು. ಮುಖಕ್ಕೆ ಮಣ್ಣು, ಮರಳು, ಸಿಮೆಂಟು ಕಲಸಿ ಹಚ್ಚಿದರು. ಅದರ ಮೇಲೆ ಏನು ಬಳಿದರು ಗೊತ್ತೇ, ತಾಯಂದಿರೇ? ಮೊಸರು! ಮೊಸರು ಬಳಿದರೆ ಹಾವಸೆಯಂಥ ಸಣ್ಣ ಜೀವಗಳು ಬೇಗ ಹತ್ತಿಕೊಳ್ಳುತ್ತವೆ. ಮೈಗೆ ಹುಲ್ಲು, ಬಳ್ಳಿ ಬೆಳೆಸಿದರು. ಮಳೆಗಾಲಕ್ಕೆ ಒಂದು ಬಣ್ಣ, ಬೇಸಿಗೆಗೆ ಒಂದು ಬಣ್ಣ, ಕಾಲ ತಿರುಗಿದಂತೆ ಆಕೆಯ ಉಡುಪು ಬದಲಾಗುತ್ತದೆ.

ಈ ಕಥೆಗಳಲ್ಲಿ ನಮಗೆ ಬೇಕಾದ ಮಾತು ಒಂದಿದೆ. ಕಲ್ಲಿನ ಮೂರ್ತಿಯನ್ನು ಕಡೆದವನು ಹೋದರೂ ಮೂರ್ತಿ ನಿಲ್ಲುತ್ತದೆ. ಗಿಡದ ಮೂರ್ತಿಗೆ ದಿನವೂ ಒಂದು ಕೈ ಬೇಕು. ಕೈ ಬಿಟ್ಟರೆ ಎರಡು ಮಳೆಗಾಲದಲ್ಲಿ ಆನೆ ಹೋಗಿ ಪೊದೆ ಉಳಿಯುತ್ತದೆ. ಬೇಲಿಯೂ ಹಾಗೆಯೇ.

ಈಗ ನಮ್ಮ ನೆಲಕ್ಕೆ ಬನ್ನಿ. ಕೆಂಚನಗುಡ್ಡ ತುಂಗಭದ್ರೆಯ ದಂಡೆಯ ಊರು. ಈ ಸೀಮೆಗೆ ಕಾಲುವೆ ಹೊಸದಲ್ಲ. ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆಗಳು ವಿಜಯನಗರದ ಕಾಲದಿಂದ ಬಂದವು. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿದ ಮೇಲೆ ಭತ್ತದ ಬೆಳೆ ಮತ್ತೂ ಹಬ್ಬಿತು. ನೀರಿನ ಜೊತೆಗೆ ಎರಡು ಕಷ್ಟಗಳೂ ಬಂದವು. ಒಂದು, ತಗ್ಗಿನ ಹೊಲಗಳಲ್ಲಿ ನೀರು ನಿಂತು ಚೌಳು ಏಳುವುದು. ಎರಡು, ಕಾಲುವೆ ದಂಡೆ, ಬೀಳು ನೆಲ, ಹಳ್ಳದ ಬದಿಗಳನ್ನೆಲ್ಲ ಜಾಲಿ ನುಂಗುವುದು. ಈ ಜಾಲಿಗೆ ನಾಡಿನವರೆಲ್ಲ ನಮ್ಮ ಜಿಲ್ಲೆಯ ಹೆಸರನ್ನೇ ಕೊಟ್ಟು ಬಳ್ಳಾರಿ ಜಾಲಿ ಎನ್ನುತ್ತಾರೆ. ಅದರ ಹುಟ್ಟೂರು ಮಾತ್ರ ಅಮೆರಿಕ ಖಂಡ.

ಬೇಲಿ ಬೇಕಾದಾಗ ನಾವು ಮಾಡುವುದೇನು? ಅದೇ ಜಾಲಿಯ ಮುಳ್ಳು ಕಡಿದು ತಂದು ಒಟ್ಟುತ್ತೇವೆ. ಮೊದಲ ವರ್ಷ ಬೇಲಿ ಗಟ್ಟಿ. ಎರಡನೆಯ ಬೇಸಿಗೆಗೆ ಗೆದ್ದಲು ತಿಂದು ಕುಸಿಯುತ್ತದೆ, ಇಲ್ಲವೇ ಯಾವನೋ ಎಸೆದ ಬೀಡಿಯ ಕಿಡಿಗೆ ಸುಟ್ಟು ಬೂದಿಯಾಗುತ್ತದೆ. ಉದುರಿದ ಮುಳ್ಳು ಎತ್ತಿನ ಗೊರಸಿಗೆ, ಮಕ್ಕಳ ಅಂಗಾಲಿಗೆ ಹೊಕ್ಕು ಕೀವು ಕಟ್ಟುತ್ತದೆ. ಕಾಯಿ ತಿಂದ ಆಡು, ದನ ಹಿಕ್ಕೆ ಸಗಣಿಯಲ್ಲಿ ಬೀಜ ಹಾಕಿದರೆ ಹೊಲದಲ್ಲೇ ಹೊಸ ಜಾಲಿ ಏಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಕಲ್ಲುಕಂಬ, ಮುಳ್ಳುತಂತಿ ಹಾಕೋಣ ಅಂದರೆ ಸಣ್ಣ ಹಿಡುವಳಿದಾರರಿಗೆ ಆ ಖರ್ಚು ಕೈಗೆಟುಕುವುದಿಲ್ಲ. ಹಾಗಾದರೆ ಉಳಿದ ದಾರಿ ಯಾವುದು? ತಾನಾಗಿ ಬೆಳೆಯುವ, ವರ್ಷ ವರ್ಷಕ್ಕೆ ಗಟ್ಟಿಯಾಗುವ ಜೀವಂತ ಬೇಲಿ.

ಜೀವಂತ ಬೇಲಿ ಹಾಕಿದವರು ನಮ್ಮಲ್ಲಿ ಇಲ್ಲದಿಲ್ಲ. ಆದರೆ ಬಹಳ ಕಡೆ ಬೇಲಿ ಮೇಲೆ ದಟ್ಟ, ಕೆಳಗೆ ಬೋಳು. ನಾಯಿ, ಹಂದಿ, ಆಡಿನ ಮರಿ ಬುಡದಲ್ಲೇ ನುಸುಳುತ್ತವೆ. ಏಕೆ ಹೀಗೆ? ಇಲ್ಲಿಯೇ ಲಾಲ್‌ಬಾಗಿನ ಮಾಲಿಯ ವಿದ್ಯೆ ಉಪಯೋಗಕ್ಕೆ ಬರುವುದು.

ಗಿಡದ ತುದಿಯ ಕುಡಿಯಲ್ಲಿ ಆಕ್ಸಿನ್ ಎಂಬ ಒಂದು ರಸ ಹುಟ್ಟುತ್ತದೆ. ಅದು ಕಾಂಡದಲ್ಲಿ ಕೆಳಕ್ಕೆ ಇಳಿಯುತ್ತ ಪಕ್ಕದ ಕಣ್ಣುಗಳನ್ನು ಚಿಗುರದಂತೆ ತಡೆಯುತ್ತದೆ. ಹಿರಿಯಣ್ಣ ಮನೆಯಲ್ಲಿ ಕೂತಿರುವ ತನಕ ತಮ್ಮಂದಿರು ಬಾಯಿ ಬಿಡದಂತೆ ಅಂದುಕೊಳ್ಳಿ. ಕುಡಿ ಚಿವುಟಿದರೆ ತಡೆ ತಪ್ಪುತ್ತದೆ, ಕೆಳಗಿನ ಕಣ್ಣುಗಳೆಲ್ಲ ಒಡೆಯುತ್ತವೆ. ಒಂದು ಟಿಸಿಲಿದ್ದ ಕಡೆ ಎರಡು ಮೂರು ಟಿಸಿಲಾಗುತ್ತವೆ. ಇದು ನಿಮಗೆ ಗೊತ್ತಿಲ್ಲದ ಮಾತಲ್ಲ. ಹತ್ತಿ ಗಿಡ ಸುಮ್ಮನೆ ಎತ್ತರಕ್ಕೆ ಹೋದರೆ ತುದಿ ಚಿವುಟುತ್ತೀರಿ. ಸೇವಂತಿಗೆ ಪೊದೆಯಾಗಲೆಂದು ಎಳೆಯದಿರುವಾಗಲೇ ಕುಡಿ ಮುರಿಯುತ್ತೀರಿ. ನಮ್ಮ ತಾಯಂದಿರು ಕಟ್ಟೆಯ ತುಳಸಿಯ ಕುಡಿಯನ್ನು ದಿನವೂ ಪೂಜೆಗೆ ಕೊಯ್ಯುತ್ತಾರೆ, ಅದಕ್ಕೇ ಆ ತುಳಸಿ ಗುಂಡಗೆ ದಟ್ಟವಾಗಿರುತ್ತದೆ. ಹಾಗೆ ನೋಡಿದರೆ ಮನೆಮನೆಯ ಕಟ್ಟೆಯಲ್ಲೂ ಒಂದು ಗಿಡದ ಗೊಂಬೆ ಇದೆ, ನಾವು ಅದಕ್ಕೆ ಆ ಹೆಸರು ಇಟ್ಟಿಲ್ಲ ಅಷ್ಟೇ.

ನಮ್ಮವರು ಮಾಡುವುದೇನು? ಬೇಲಿ ಎದೆಯೆತ್ತರ ಬರಲಿ, ಆಮೇಲೆ ಕತ್ತರಿಸೋಣ ಎಂದು ಕಾಯುತ್ತಾರೆ. ಅಷ್ಟರಲ್ಲಿ ಬುಡದ ಕಣ್ಣುಗಳು ಬಲಿತು ಮುಚ್ಚಿಹೋಗಿರುತ್ತವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮಾಲಿ ಹಾಗೆ ಮಾಡುವುದಿಲ್ಲ. ಸಸಿ ಮೊಳದಷ್ಟು ಬರುವ ಮುನ್ನವೇ ಕತ್ತರಿ ಇಡುತ್ತಾನೆ. ನೋಡುವವರ ಹೊಟ್ಟೆ ಉರಿಯುತ್ತದೆ, ಆದರೆ ಬೇಲಿಯ ಬುಡ ಗಟ್ಟಿಯಾಗುವುದು ಅದೇ ಏಟಿಗೆ.

ಎರಡನೆಯ ಗುಟ್ಟು ಬಿಸಿಲಿನದು. ಬೇಲಿಯ ಬುಡ ಅಗಲವಾಗಿಯೂ ತಲೆ ಕಿರಿದಾಗಿಯೂ ಇರಬೇಕು. ತಲೆ ಅಗಲವಾದರೆ ಅದರ ನೆರಳು ಬುಡದ ಮೇಲೆ ಬೀಳುತ್ತದೆ. ನೆರಳಿನ ಎಲೆ ಹಳದಿಯಾಗಿ ಉದುರುತ್ತದೆ, ಬುಡ ಬೋಳಾಗುತ್ತದೆ. ಬುಡ ಎರಡೂವರೆ ಅಡಿ ಇದ್ದರೆ ತಲೆ ಒಂದೂವರೆ ಅಡಿ ಇರಲಿ. ಹುಲ್ಲಿನ ಬಣವೆಯನ್ನು ಉದ್ದಕ್ಕೆ ಒಟ್ಟಿದಂತೆ ಕಾಣಬೇಕು.

ಯಾವ ಗಿಡ ಹಾಕಬೇಕು? ಜಾಗ ನೋಡಿ ಹೇಳುತ್ತೇನೆ.

ಹೊಲದ ಬದುವಿಗೆ ಕವಳಿ ಒಳ್ಳೆಯದು. ಗಟ್ಟಿ ಮುಳ್ಳು, ಆಡು ನುಗ್ಗುವುದಿಲ್ಲ. ಒಣ ನೆಲ ತಾಳುತ್ತದೆ, ಕತ್ತರಿಗೆ ಒಗ್ಗುತ್ತದೆ, ಕಾಯಿ ಉಪ್ಪಿನಕಾಯಿಗೆ ಬರುತ್ತದೆ. ಇದನ್ನು ಹಣ್ಣಿನಿಂದ ತೆಗೆದ ಹೊಸ ಬೀಜದಿಂದ ಸಸಿ ಮಾಡಬೇಕು. ಬೀಜ ಹಳತಾದರೆ ಮೊಳೆಯದು. ಸಸಿಯಿಂದ ಸಸಿಗೆ ಎರಡು ಅಡಿ ಸಾಕು.

ಹಿತ್ತಲಿಗೆ ಮದರಂಗಿ ಇರಲಿ. ಇದನ್ನು ಗೋರಂಟಿ ಎಂದೂ ಕರೆಯುತ್ತಾರೆ. ಕಡ್ಡಿ ನೆಟ್ಟರೂ ಬರುತ್ತದೆ, ಬೀಜದಿಂದಲೂ ಬರುತ್ತದೆ. ಒಣ ಹವೆಗೆ ಅಂಜುವುದಿಲ್ಲ. ಕತ್ತರಿಸಿದ ಎಲೆ ಹೆಣ್ಣುಮಕ್ಕಳ ಕೈಗೆ ಬಣ್ಣವಾಗುತ್ತದೆ.

ಶಾಲೆಯ ಅಂಗಳಕ್ಕೂ ಚೌಳಿನ ನೆಲಕ್ಕೂ ಕ್ಲೆರೋಡೆಂಡ್ರಮ್ ಎಂಬ ಗಿಡವಿದೆ. ಹೆಸರು ಬಾಯಿಗೆ ಬಾರದಿದ್ದರೆ ಚಿಂತೆಯಿಲ್ಲ, ಗುರುತು ಹೇಳುತ್ತೇನೆ. ಎಲೆ ಎದುರು ಬದುರಾಗಿ ಇರುತ್ತವೆ, ಕಡು ಹಸಿರು, ಹೊಳಪು. ಹೂವು ಬಿಳಿ, ಅದರೊಳಗಿಂದ ನೇರಳೆಗೆಂಪಿನ ಎಳೆಗಳು ಉದ್ದಕ್ಕೆ ಚಾಚಿರುತ್ತವೆ. ಎಲೆ ಬಹಳ ಕಹಿ, ಆದ್ದರಿಂದ ಆಡು ಕುರಿ ಬಾಯಿ ಹಾಕುವುದು ಕಡಿಮೆ. ನಮ್ಮ ದೇಶದ ಉದ್ಯಾನಗಳಲ್ಲಿ ಆನೆ, ನವಿಲು, ಗೋಪುರ ಮಾಡಲು ಹೆಚ್ಚಾಗಿ ಬಳಸುವ ಗಿಡಗಳಲ್ಲಿ ಇದೂ ಒಂದು. ಇದು ಸಹಜವಾಗಿ ಬೆಳೆಯುವುದು ಸಮುದ್ರದ ದಂಡೆಯಲ್ಲಿ, ಉಪ್ಪುನೀರು ಬಡಿಯುವ ಕಡೆ. ಆದ್ದರಿಂದ ಚೌಳನ್ನು ತಕ್ಕಮಟ್ಟಿಗೆ ತಾಳುತ್ತದೆ. ಸರ್ವೆ ಮರವೂ ಉಪ್ಪು ತಾಳುವ ಜಾತಿಯೇ. ಅದನ್ನು ಎಳೆಯದಿರುವಾಗಲಿಂದ ಕತ್ತರಿಸುತ್ತ ಬಂದರೆ ಗೋಡೆಯಂತೆ ನಿಲ್ಲುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಗಿಡ ಚೌಳು ತಾಳುತ್ತದೆ ಎಂದರೆ ಚೌಳನ್ನು ಕಳೆಯುತ್ತದೆ ಎಂದು ಅರ್ಥವಲ್ಲ. ಚೌಳು ಹೋಗಬೇಕಾದರೆ ನಿಂತ ನೀರು ಹರಿದುಹೋಗಲು ಬಸಿಗಾಲುವೆ ಬೇಕು. ಮಣ್ಣು ಪರೀಕ್ಷೆ ಮಾಡಿಸಿ, ಜಿಪ್ಸಮ್ ಬೇಕೋ ಬೇಡವೋ ತಿಳಿಯಬೇಕು. ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರದವರನ್ನೋ ಹೋಬಳಿಯ ರೈತ ಸಂಪರ್ಕ ಕೇಂದ್ರದವರನ್ನೋ ಕೇಳಿ.

ಇನ್ನು ಅಪಾಯದ ಗಿಡಗಳು. ಪೇಟೆಯಲ್ಲಿ ಡುರಾಂಟ ಎಂಬ ಬೇಲಿ ಗಿಡ ಎಲ್ಲೆಲ್ಲೂ ಕಾಣುತ್ತದೆ. ಅದರ ಹಣ್ಣು ಅರಿಸಿನ ಬಣ್ಣದ ಮಣಿಯಂತೆ ಗೊಂಚಲಾಗಿ ಇರುತ್ತದೆ, ನೋಡಿದ ಮಗು ಬಾಯಿಗೆ ಹಾಕಿಕೊಳ್ಳಬೇಕು ಅನ್ನಿಸುವ ಹಾಗೆ. ಅದು ವಿಷ. ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ, ದನಕ್ಕೂ ಮನುಷ್ಯರಿಗೂ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕೇಡು. ಶಾಲೆ, ಅಂಗನವಾಡಿಗಳ ಅಂಗಳದಲ್ಲಿ ಈ ಮೂರನ್ನೂ ಹಾಕಬೇಡಿ. ಇದ್ದರೆ ಮಕ್ಕಳಿಗೆ ಗುರುತು ತೋರಿಸಿ ಎಚ್ಚರ ಹೇಳಿ. ಯಾವ ಮಗುವಾದರೂ ತಿಂದರೆ ಮನೆಮದ್ದು ಮಾಡುತ್ತ ಕೂಡಬೇಡಿ, ತಿಂದ ಗಿಡದ ಒಂದು ಟಿಸಿಲು ಕೈಯಲ್ಲಿ ಹಿಡಿದು ನೇರ ದವಾಖಾನೆಗೆ ನಡೆಯಿರಿ. ಕತ್ತರಿಸಿದ ಕಡ್ಡಿಯನ್ನು ದನದ ಗ್ವಾದಲಿಯ ಹತ್ತಿರ ಎಸೆಯಬೇಡಿ.

ಈಗ ನೆಡುವ ಕ್ರಮ. ಒಂದು ಶಾಲೆಯ ಅಂಗಳ ನಾಲ್ಕೂ ಕಡೆ ನೂರು ನೂರು ಅಡಿ ಇದೆ ಎಂದು ಇಟ್ಟುಕೊಳ್ಳಿ. ಸುತ್ತಳತೆ ೪೦೦ ಅಡಿ. ಬಾಗಿಲಿಗೆ ೧೦ ಅಡಿ ಬಿಟ್ಟರೆ ೩೯೦ ಅಡಿ. ಅಡಿಗೊಂದರಂತೆ ಎರಡು ಸಾಲು ನೆಡಬೇಕಾದರೆ ೭೮೦ ಕಡ್ಡಿ ಬೇಕು. ಸಾಯುವ ಲೆಕ್ಕ ಹಿಡಿದು ೯೦೦ ಕಡ್ಡಿ ಸಿದ್ಧ ಮಾಡಿ. ಮನೆಗೆ ಹತ್ತರಂತೆ ತೊಂಬತ್ತು ಮನೆಯವರು ಸೇರಿದರೆ ಕೆಲಸ ಒಂದೇ ದಿನದ್ದು.

ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಚರಂಡಿ ತೋಡಿ. ಕೆಲವು ದಿನ ಬಿಸಿಲಿಗೆ ಬಿಡಿ. ತೆಗೆದ ಮಣ್ಣಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ತುಂಬಿ. ಮಳೆ ಹದವಾಗಿ ಹಿಡಿದ ಮೇಲೆ, ನಮ್ಮ ಕಡೆ ಆಗಸ್ಟ್ ಸೆಪ್ಟೆಂಬರಿನಲ್ಲಿ, ನೆಡಿ. ಕಡ್ಡಿ ಪೆನ್ಸಿಲಿನಷ್ಟು ದಪ್ಪ, ಗೇಣುದ್ದ ಇರಲಿ, ಮೂರು ನಾಲ್ಕು ಕಣ್ಣು ಇರಲಿ. ಬುಡವನ್ನು ಓರೆಯಾಗಿ ಕತ್ತರಿಸಿದರೆ ತಲೆ ಬುಡ ಅದಲು ಬದಲಾಗುವುದಿಲ್ಲ. ಎರಡು ಕಣ್ಣು ಮಣ್ಣಿನೊಳಗೆ ಹೋಗಬೇಕು. ಎರಡನೆಯ ಸಾಲಿನ ಕಡ್ಡಿ ಮೊದಲ ಸಾಲಿನ ಎರಡು ಕಡ್ಡಿಗಳ ನಡುವೆ ಬರಲಿ. ಸುತ್ತ ಮಣ್ಣನ್ನು ಕಾಲಿಂದ ಒತ್ತಿ, ನೀರು ಕೊಡಿ. ಮೊದಲ ಬೇಸಿಗೆಯಲ್ಲಿ ವಾರಕ್ಕೊಂದು ಸಲ ನೀರು ತಪ್ಪಿಸಬೇಡಿ. ಶಾಲೆಯ ಮಕ್ಕಳು ಬಿಸಿಯೂಟ ಮಾಡಿ ಕೈ ತೊಳೆಯುವ ನೀರನ್ನು ಅತ್ತ ತಿರುಗಿಸಿದರೆ ಅರ್ಧ ಕೆಲಸ ಮುಗಿದಂತೆ.

ಚಿಗುರು ಒಂದು ಅಡಿ ಬಂದ ಕೂಡಲೇ ಅರ್ಧ ಅಡಿಗೆ ಕತ್ತರಿಸಿ. ಮತ್ತೆ ಅರ್ಧ ಅಡಿ ಬೆಳೆದಾಗ, ಹೊಸ ಬೆಳವಣಿಗೆಯಲ್ಲಿ ಎರಡು ಮೂರು ಅಂಗುಲ ಉಳಿಸಿ ಮಿಕ್ಕದ್ದು ತೆಗೆಯಿರಿ. ಹೀಗೆ ಮೆಟ್ಟಿಲು ಹತ್ತಿದಂತೆ ಮೇಲೇರಬೇಕು. ಶಾಲೆಗೆ ಮೂರೂವರೆ ನಾಲ್ಕಡಿ ಎತ್ತರ ಸಾಕು, ಒಳಗಿನ ಮಕ್ಕಳು ಹೊರಗಿನವರಿಗೆ ಕಾಣುತ್ತಿರಬೇಕು. ಬೆಳೆದ ಮೇಲೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕತ್ತರಿಸಿ. ಏಪ್ರಿಲ್ ಮೇ ಬಿಸಿಲಿನಲ್ಲಿ ಆಳವಾಗಿ ಕತ್ತರಿಸಬೇಡಿ, ಒಳಗಿನ ಎಳೆ ಎಲೆ ಸುಟ್ಟುಹೋಗುತ್ತದೆ. ಸೈಪ್ರೆಸ್ ಜಾತಿಯ ಗಿಡಗಳನ್ನು ಎಲೆ ಇಲ್ಲದ ಹಳೆಯ ಕಟ್ಟಿಗೆಯವರೆಗೆ ಕತ್ತರಿಸಿದರೆ ಮತ್ತೆ ಚಿಗುರುವುದಿಲ್ಲ.

ಕತ್ತರಿ ಹರಿತವಾಗಿರಲಿ. ಮೊಂಡು ಕತ್ತರಿ ಕಡ್ಡಿಯನ್ನು ಜಜ್ಜುತ್ತದೆ, ಜಜ್ಜಿದಲ್ಲಿ ರೋಗ ಹೊಗುತ್ತದೆ. ಕೆಲಸಕ್ಕೆ ಮೊದಲು ಕೋಲಿನಿಂದ ಬೇಲಿಯನ್ನು ಬಡಿದು ನೋಡಿ, ಹಾವು ಇದ್ದರೆ ಸರಿದುಹೋಗಲಿ. ಹಕ್ಕಿಯ ಗೂಡಿನಲ್ಲಿ ಮೊಟ್ಟೆ ಮರಿ ಇದ್ದರೆ ಆ ಭಾಗವನ್ನು ಹದಿನೈದು ಇಪ್ಪತ್ತು ದಿನ ಬಿಟ್ಟುಬಿಡಿ. ವಿದ್ಯುತ್ ತಂತಿಯ ಕೆಳಗೆ ಎತ್ತರದ ಗಿಡ ಬೇಡ. ಬದುವಿನಲ್ಲಿ ಬೇಲಿ ನೆಡುವ ಮುನ್ನ ಪಕ್ಕದ ಹೊಲದವರನ್ನು ಕರೆದು, ಸರ್ವೆ ಕಲ್ಲು ನೋಡಿ, ನಿಮ್ಮ ನೆಲದೊಳಗೆ ಎರಡು ಅಡಿ ಸರಿದು ನೆಡಿ. ಗಿಡ ದಪ್ಪವಾದ ಮೇಲೆ ಆಗುವ ಜಗಳಕ್ಕಿಂತ ಇಂದು ಬಿಡುವ ಎರಡು ಅಡಿ ಅಗ್ಗ.

ಬೇಲಿ ನಿಂತಿತು. ಈಗ ಆ ಯಜಮಾನರು ನಕ್ಕ ಆನೆಯ ಮಾತಿಗೆ ಬರೋಣ. ಬಾಗಿಲಿನ ಎರಡೂ ಕಡೆ ಒಂದೊಂದು ಗೊಂಬೆ ಮಾಡಲು ಮಕ್ಕಳಿಗೆ ಬಿಡಿ. ಮೊದಲು ಸುಲಭದ್ದು. ಒಂಟಿ ಗಿಡವನ್ನು ಗುಂಡಗೆ ಚೆಂಡಿನಂತೆ ಕತ್ತರಿಸಲಿ. ಹಳೆಯ ಸೈಕಲ್ಲಿನ ರಿಮ್ಮನ್ನು ಎದುರಿಗೆ ಹಿಡಿದು ನೋಡಿದರೆ ಗುಂಡು ಸರಿಯಿದೆಯೋ ಸೊಟ್ಟಗಿದೆಯೋ ತಿಳಿಯುತ್ತದೆ. ಚೆಂಡಿನ ಮೇಲೆ ಒಂದು ಕುಡಿಯನ್ನು ಬಿಟ್ಟು ಬೆಳೆಸಿ, ಅದನ್ನು ಮತ್ತೆ ಗುಂಡಗೆ ಮಾಡಿದರೆ ಕಳಸವಾಯಿತು. ಕೈ ಪಳಗಿದ ಮೇಲೆ ಬಸವಣ್ಣನನ್ನು ಮಾಡಬಹುದು. ಕಮ್ಮಾರರಿಂದ ಸಣ್ಣ ಕಬ್ಬಿಣದ ಸರಳು ಬಗ್ಗಿಸಿ ಬಸವನ ಹಂದರ ಮಾಡಿಸಿ, ತುಕ್ಕು ಹಿಡಿಯದ ಬಣ್ಣ ಬಳಿಯಿರಿ. ನಾಲ್ಕು ಕಾಲಿನ ಬುಡದಲ್ಲಿ ನಾಲ್ಕು ಗಿಡ ನೆಟ್ಟು, ಬೆಳೆದಂತೆ ಹಂದರಕ್ಕೆ ಬಾಳೆಯ ನಾರಿನಿಂದ ಕಟ್ಟುತ್ತ ಹೋಗಿ. ತಂತಿಯಿಂದ ಕಟ್ಟಿದರೆ ತೊಗಟೆ ಕೊಯ್ದುಹೋಗುತ್ತದೆ. ಹಂದರದಿಂದ ಹೊರಗೆ ಬಂದ ಚಿಗುರನ್ನು ಮಾತ್ರ ಕತ್ತರಿಸಿ. ಮೈ ತುಂಬಲು ಎರಡು ಮೂರು ವರ್ಷ ಹಿಡಿಯುತ್ತದೆ. ಐದನೆಯ ತರಗತಿಯಲ್ಲಿ ಕಡ್ಡಿ ನೆಟ್ಟ ಮಗು ಏಳನೆಯದು ಮುಗಿಸುವ ಹೊತ್ತಿಗೆ ಬಸವಣ್ಣ ಎದ್ದು ನಿಲ್ಲುತ್ತಾನೆ. ಆ ಮಗುವಿಗೆ ಗಿಡ ಎಂದರೇನು, ತಾಳ್ಮೆ ಎಂದರೇನು ಎಂದು ಬೇರೆ ಪಾಠ ಬೇಡ.

ಇದರಲ್ಲಿ ಅನ್ನದ ದಾರಿಯೂ ಇದೆ. ಪೇಟೆಯ ಉದ್ಯಾನ, ಕಾರ್ಖಾನೆ, ಆಸ್ಪತ್ರೆ, ಕಾಲೇಜುಗಳಲ್ಲಿ ಹುಲ್ಲು ಕತ್ತರಿಸುವವರು ಬಹಳ, ಗಿಡವನ್ನು ಆಕಾರಕ್ಕೆ ತರಬಲ್ಲವರು ಕಡಿಮೆ. ಸುಗ್ಗಿ ಮುಗಿದ ಮೇಲೆ ಕೂಲಿ ಅರಸಿ ಬೆಂಗಳೂರಿಗೆ ಹೋಗುವ ನಮ್ಮ ಹುಡುಗರು ಇಟ್ಟಿಗೆ ಹೊರುವುದನ್ನೇ ನೆಚ್ಚಬೇಕಾಗಿಲ್ಲ. ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆಂದೇ ೧೦ ತಿಂಗಳ ತೋಟಗಾರಿಕೆ ತರಬೇತಿ ನಡೆಸುತ್ತ ಬಂದಿದೆ. ಅರ್ಜಿ ಯಾವಾಗ, ಓದು ಎಷ್ಟಿರಬೇಕು, ಎಷ್ಟು ವಯಸ್ಸಿನವರು ಎಂಬುದನ್ನು ಸಿರುಗುಪ್ಪದ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಿ. ಕತ್ತರಿ ಹಿಡಿದ ಕೈಗೆ ದಾಳಿಂಬೆ, ಅಂಜೂರ, ಮಲ್ಲಿಗೆಯ ಚಾಟನಿಯೂ ಬೇಗ ಹತ್ತುತ್ತದೆ. ಯಾವ ಕಣ್ಣು ಉಳಿಸಬೇಕು, ಯಾವ ರೆಂಬೆ ತೆಗೆಯಬೇಕು ಎಂಬ ವಿವೇಕ ಎಲ್ಲ ಗಿಡಕ್ಕೂ ಬೇಕಾದದ್ದೇ.

ಕೊನೆಗೆ ಒಂದು ಮಾತು. ಬೇಲಿ ನೆಡುವ ದಿನ ಊರೆಲ್ಲ ಸೇರುತ್ತದೆ, ತೆಂಗಿನಕಾಯಿ ಒಡೆಯುತ್ತೇವೆ, ಪಟ ತೆಗೆಯುತ್ತೇವೆ. ಆರು ತಿಂಗಳಾದ ಮೇಲೆ ನೀರು ಹಾಕುವವರು ಯಾರು, ಕತ್ತರಿಸುವವರು ಯಾರು? ಇದನ್ನು ನೆಡುವ ಮೊದಲೇ ಗೊತ್ತು ಮಾಡಿ. ಮೂಡಣ ಸಾಲು ಒಂದು ಓಣಿಯವರದು, ಪಡುವಣ ಸಾಲು ಇನ್ನೊಂದು ಓಣಿಯವರದು ಎಂದು ಹಂಚಿಕೊಳ್ಳಿ. ಶಾಲಾಭಿವೃದ್ಧಿ ಸಮಿತಿಯ ಪುಸ್ತಕದಲ್ಲಿ ಬರೆದಿಡಿ. ಹೊಣೆ ಹೊತ್ತವರ ಹೆಸರನ್ನು ಶಾಲೆಯ ಗೋಡೆಯ ಮೇಲೆ ಬರೆಸಿ, ರೋಮಿನ ಆ ಕೆಲಸಗಾರನಿಗೆ ಸಿಕ್ಕ ಮರ್ಯಾದೆ ನಮ್ಮೂರಿನವರಿಗೂ ಸಿಗಲಿ. ಈ ವರ್ಷ ಇಪ್ಪತ್ತು ಅಡಿಯಾದರೂ ನೆಟ್ಟು ನೋಡಿ. ಅಷ್ಟು ಉಳಿಸಿಕೊಂಡವರು ಮುಂದಿನ ವರ್ಷ ನಾನೂರು ಅಡಿಯನ್ನೂ ಉಳಿಸಿಕೊಳ್ಳುತ್ತಾರೆ.

ಸಂಶಯವಿದ್ದವರು ರೈತ ಸಂಪರ್ಕ ಕೇಂದ್ರಕ್ಕೆ ಬಂದು ಕೇಳಿ, ಬರುವಾಗ ನಿಮ್ಮ ಬೇಲಿಯ ಒಂದು ಟಿಸಿಲು ಕಿತ್ತು ತನ್ನಿ.